ಕರಡಿಗೆ ಬಗ್ಗದ ಪೆಟ್ಟಿಗೆ

ಸೆಪ್ಟೆಂಬರಿನ ಮೊದಲ ಸೋಮವಾರ ಅಮೆರಿಕದಲ್ಲಿ ಲೇಬರ್ ಡೇ ರಜೆ. ಶನಿವಾರ, ಭಾನುವಾರ ಸೇರಿಸಿಕೊಂಡು ಗೆಳೆಯರೆಲ್ಲ ಟೆಂಟು ಹೇರಿಕೊಂಡು ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೊರಡುತ್ತೇವೆ. ಅಲ್ಲಿನ ಎಲ್ ಕ್ಯಾಪಿಟನ್ ಬಂಡೆಯನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ನನ್ನ ಮೆಚ್ಚುಗೆಯೆಲ್ಲ ಟೆಂಟು ಹಾಕುವ ಜಾಗದಲ್ಲಿ ಕೂತಿರುವ ಕಬ್ಬಿಣದ ಪೆಟ್ಟಿಗೆಗೆ.

ಕರಡಿಯ ಬಾಯಿಂದ ನಮ್ಮ ಊಟ ಕಾಯುವುದು ಅದರ ಕೆಲಸ. ಇಲ್ಲಿನ ಕಪ್ಪು ಕರಡಿ (ಹೆಸರಿಗಷ್ಟೇ ಕಪ್ಪು, ಹೆಚ್ಚಿನವು ಕಂದು) ಕಾರಿನ ಬಾಗಿಲನ್ನೇ ಬಗ್ಗಿಸಿ ಒಳಗಿನ ತಿಂಡಿ ಎಳೆಯಬಲ್ಲದು. 1998ರಲ್ಲಿ ಯೊಸೆಮಿಟಿಯಲ್ಲಿ ಕರಡಿ ಹಾವಳಿಯ ಪ್ರಕರಣಗಳು ಸಾವಿರ ದಾಟಿದ್ದವು. ಅಂಥ ಕರಡಿಯ ಎದುರು ಈ ಪೆಟ್ಟಿಗೆಯ ಉಪಾಯ ಎಷ್ಟು ಸರಳ! ಚಿಲಕಕ್ಕೊಂದು ತಗಡಿನ ಮರೆ. ಅದರೊಳಗೆ ಬೆರಳು ತೂರಿಸಿ ಕೊಂಡಿ ಬಿಡಿಸಬೇಕು. ನಮ್ಮ ಬೆರಳು ಹೋಗುತ್ತದೆ, ಕರಡಿಯ ದಪ್ಪ ಪಂಜ ಹೋಗುವುದಿಲ್ಲ. ಬ್ಯಾಟರಿಯೂ ಬೇಡ, ಬೀಗದ ಕೈಯೂ ಬೇಡ.

ವಾಸನೆ ಇರುವುದೆಲ್ಲ ಒಳಗಿರಬೇಕು, ಟೂತ್‌ಪೇಸ್ಟ್, ಸೋಪು ಕೂಡ. ಹಾಗಾಗಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ತುಪ್ಪ, ಯಾರದೋ ಶಾಂಪೂ ಎಲ್ಲ ಒಂದೇ ಸಾಲಿನಲ್ಲಿ. ಇಂಗಿನ ಡಬ್ಬಿಯ ಮುಂದೆ ಕರಡಿಯ ಮೂಗು ಏನಾದೀತೋ, ನೋಡುವ ಆಸೆ ನನಗಂತೂ ಇಲ್ಲ. ಅಡುಗೆ ಮಾಡುವಾಗಲೂ ಪೆಟ್ಟಿಗೆ ಮುಚ್ಚಿರಬೇಕೆಂಬುದು ನಿಯಮ. ಸಾಸಿವೆ ಚಟಪಟ ಅನ್ನುತ್ತಿದ್ದಾಗಲೇ ಟೆಂಟಿನೊಳಗಿಂದ ಕೂಗು ಬರುತ್ತದೆ: “ಒಗ್ಗರಣೆ ಆಮೇಲೆ ಹಾಕೋ ಮಾರಾಯ, ಮೊದಲು ಚಿಲಕ ಹಾಕು!”