ಕಂಡುಹಿಡಿದವರು ಯಾರು?

ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ತಪ್ಪದೆ ಬರುವ ಪ್ರಶ್ನೆಯೊಂದಿದೆ: ‘ಇದನ್ನು ಕಂಡುಹಿಡಿದವರು ಯಾರು?’ ಒಂದು ಹೆಸರು ಬರೆದರೆ ಒಂದು ಅಂಕ. ಪ್ರಶ್ನೆಯಲ್ಲಿರುವ ‘ಕಂಡುಹಿಡಿದವರು’ ಎಂಬ ಮಾತು ವ್ಯಾಕರಣದ ಲೆಕ್ಕಕ್ಕೆ ಬಹುವಚನ. ಆದರೆ ಒಬ್ಬರನ್ನೇ ಗೌರವದಿಂದ ಹೇಳುವಾಗಲೂ ನಾವು ಅದನ್ನೇ ಆಡುತ್ತೇವೆ. ಹೀಗಾಗಿ ಕನ್ನಡದಲ್ಲಿ ಈ ಪ್ರಶ್ನೆ ಕೇಳಿದಾಗ ಉತ್ತರ ಒಬ್ಬರೋ ಹಲವರೋ ಎಂಬುದು ಗೊತ್ತಾಗುವುದಿಲ್ಲ. ಭಾಷೆ ಬಾಗಿಲನ್ನು ತೆರೆದೇ ಇಟ್ಟಿದೆ. ಒಬ್ಬ ಮಹಾಪುರುಷನನ್ನು ಒಳಕ್ಕೆ ಬಿಟ್ಟುಕೊಂಡು ಕದ ಹಾಕುವವರು ನಾವು.

ಈ ಯೋಚನೆ ನನಗೆ ಬಂದದ್ದು ‘ಕ್ರಿಸ್ಟಲ್ ಫೈರ್’ ಎಂಬ ಇಂಗ್ಲಿಷ್ ಗ್ರಂಥವನ್ನು ಎರಡನೆಯ ಸಲ ಓದುವಾಗ. ಮೈಕೇಲ್ ರಿಯೊರ್ಡನ್ ಮತ್ತು ಲಿಲಿಯನ್ ಹಾಡಸನ್ ಇಬ್ಬರೂ ಸೇರಿ ಬರೆದ ಈ ಪುಸ್ತಕ ೧೯೯೭ರಲ್ಲಿ ಪ್ರಕಟವಾಯಿತು. ವಸ್ತು, ಟ್ರಾನ್ಸಿಸ್ಟರಿನ ಜನನ. ಟ್ರಾನ್ಸಿಸ್ಟರ್ ಎಂದರೆ ನಮ್ಮಲ್ಲಿ ಒಂದು ತಲೆಮಾರಿನವರಿಗೆ ಹೆಗಲಿಗೆ ತಗುಲಿಹಾಕಿಕೊಂಡು ಹೋಗುವ ರೇಡಿಯೋ. ಒಳಗಿನ ಕಾಳಿನಷ್ಟು ಭಾಗದ ಹೆಸರು ಇಡೀ ಪೆಟ್ಟಿಗೆಗೆ ಬಂದಿತ್ತು. ಆ ಕಾಳಿನ ಹಿಂದೆ ಎಷ್ಟು ಜನರ ಕೈ ಇದೆ, ಅವರೊಳಗೆ ಎಂಥ ಸ್ನೇಹ, ಎಂಥ ಮತ್ಸರ ನಡೆದುವು ಎಂಬುದೇ ಈ ಗ್ರಂಥದ ಕಥೆ. ವಿಜ್ಞಾನದ ಪುಸ್ತಕಕ್ಕೆ ಸಾಹಿತ್ಯದ ಪುಟದಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ಹಲವರು ಕೂಡಿ ಮಾಡಿದ ಕೆಲಸವನ್ನು ಕಥೆಯಾಗಿ ಹೇಳುವುದು ಹೇಗೆ ಎಂಬುದು ಸಾಹಿತ್ಯದ ಪ್ರಶ್ನೆಯೇ ಎಂದು ನನ್ನ ಉತ್ತರ.

ಕಥೆಯ ಸಾರಾಂಶವನ್ನು ಹೇಳದೆ ಮುಂದುವರಿಯುವಂತಿಲ್ಲ. ೧೯೦೬ರಲ್ಲಿ ಲೀ ಡಿ ಫಾರೆಸ್ಟ್ ರೂಪಿಸಿದ ವಾಲ್ವಿನಿಂದ ಕ್ಷೀಣವಾದ ವಿದ್ಯುತ್ ಸಂಜ್ಞೆಯನ್ನು ಬಲಪಡಿಸುವುದು ಸಾಧ್ಯವಾಯಿತು. ಟೆಲಿಫೋನಿನ ಮಾತು ಬಹು ದೂರದ ಊರುಗಳಿಗೆ ತಲುಪಿದ್ದು ಅದರಿಂದಲೇ. ಆದರೆ ವಾಲ್ವ್ ಗಾಜಿನ ಬುರುಡೆ. ಒಳಗಿನ ತಂತಿ ಕಾಯಬೇಕು, ವಿದ್ಯುತ್ತು ಬಹಳ ಖರ್ಚು, ಕೆಲಕಾಲಕ್ಕೆ ಸುಟ್ಟುಹೋಗುವುದೂ ಖಂಡಿತ. ಅದೇ ಕೆಲಸವನ್ನು ಘನವಸ್ತುವಿನಿಂದ ಮಾಡಿಸಲಾದೀತೇ ಎಂದು ನೋಡಲು ಅಮೆರಿಕದ ಬೆಲ್ ಪ್ರಯೋಗಶಾಲೆ ೧೯೪೫ರಲ್ಲಿ ಒಂದು ತಂಡವನ್ನು ಕಟ್ಟಿತು. ಅದರ ಮುಖಂಡರಲ್ಲೊಬ್ಬರು ವಿಲಿಯಂ ಶಾಕ್ಲಿ. ಅವರು ಮೊದಲು ಹಾಕಿದ ಯೋಜನೆ ಫಲಿಸಲಿಲ್ಲ. ಏಕೆ ಫಲಿಸಲಿಲ್ಲ ಎಂಬುದನ್ನು ವಿವರಿಸಿದವರು ಜಾನ್ ಬಾರ್ಡೀನ್. ಅರೆವಾಹಕದ ಹೊರಮೈಯಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಕೊಂಡು, ಹೊರಗಿನ ವಿದ್ಯುತ್ ಕ್ಷೇತ್ರ ಒಳಹೊಗದಂತೆ ತಡೆಯುತ್ತವೆ ಎಂದು ಅವರು ತರ್ಕಿಸಿದರು. ಸೋಲಿನ ಕಾರಣ ತಿಳಿದದ್ದೇ ಗೆಲುವಿಗೆ ಮೊದಲ ಮೆಟ್ಟಿಲಾಯಿತು.

ಬಾರ್ಡೀನ್ ಆ ಸಂಸ್ಥೆಗೆ ಬಂದಾಗ ಕೊಠಡಿಗಳ ಅಭಾವವಿತ್ತು. ವಾಲ್ಟರ್ ಬ್ರಾಟ್ಟೇನ್ ಮತ್ತು ಜೆರಾಲ್ಡ್ ಪಿಯರ್ಸನ್ ಇದ್ದ ಕೊಠಡಿಯಲ್ಲೇ ಅವರೂ ಮೇಜು ಹಾಕಿಕೊಂಡರು. ಬಾರ್ಡೀನ್ ಮಿತಭಾಷಿ, ಸಿದ್ಧಾಂತಿ. ಬ್ರಾಟ್ಟೇನ್ ಮಾತುಗಾರ, ಪ್ರಯೋಗದಲ್ಲಿ ಕೈ ಪಳಗಿದವರು. ಹೀಗಾಗಬೇಕು ಎಂದು ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮಾಡಿ ನೋಡುವರು. ಬೇರೆಯಾಗಿ ಕಂಡರೆ ಮೊದಲನೆಯವರು ತಮ್ಮ ಎಣಿಕೆಯನ್ನು ತಿದ್ದಿಕೊಳ್ಳುವರು. ೧೯೪೭ರ ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಒಂದು ತಿಂಗಳು ಈ ಸಂವಾದ ನಡೆಯಿತು. ನಡುವೆ ರಾಬರ್ಟ್ ಗಿಬ್ನಿ ಎಂಬ ರಸಾಯನಜ್ಞರು ಕೊಟ್ಟ ಸೂಚನೆಯೊಂದು ದಾರಿ ತೋರಿತು. ಕೊನೆಗೆ ಪ್ಲಾಸ್ಟಿಕ್ಕಿನ ಮುಕ್ಕೋನದ ಅಂಚಿಗೆ ಚಿನ್ನದ ತಗಡನ್ನು ಅಂಟಿಸಿ, ತುದಿಯಲ್ಲಿ ಕ್ಷೌರದ ಬ್ಲೇಡಿನಿಂದ ಸೀಳಿ, ಸ್ಪ್ರಿಂಗಿನಿಂದ ಜರ್ಮೇನಿಯಂ ತುಂಡಿನ ಮೇಲೆ ಒತ್ತಿ ಹಿಡಿದರು. ಡಿಸೆಂಬರ್ ೧೬ರಂದು ಅದು ಸಂಜ್ಞೆಯನ್ನು ಹಿಗ್ಗಿಸಿತು. ಆ ದಿನ ಮನೆಗೆ ಹೋದ ಬಾರ್ಡೀನ್, ತಾವು ಏನನ್ನೋ ಕಂಡುಹಿಡಿದಿರುವುದಾಗಿ ಹೆಂಡತಿಗೆ ತಿಳಿಸಿದರು. ‘ನಾನು’ ಎನ್ನಲಿಲ್ಲ, ‘ನಾವು’ ಎಂದರು. ಗ್ರಂಥದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಈ ಒಂದು ತಿಂಗಳ ವರ್ಣನೆ. ಅಲ್ಲಿ ನಾಯಕನಿಲ್ಲ, ಇಬ್ಬರ ನಡುವಿನ ಮಾತೇ ನಾಯಕ.

ಮರುವರ್ಷ, ೧೯೪೮ರಲ್ಲಿ, ಪ್ರಚಾರಕ್ಕಾಗಿ ತೆಗೆದ ಒಂದು ಛಾಯಾಚಿತ್ರ ಲೋಕಪ್ರಸಿದ್ಧವಾಗಿದೆ. ಬ್ರಾಟ್ಟೇನರ ಉಪಕರಣದ ಮುಂದೆ ಕುಳಿತಿರುವವರು ಶಾಕ್ಲಿ. ಬಾರ್ಡೀನ್ ಮತ್ತು ಬ್ರಾಟ್ಟೇನ್ ನಿಂತು ನೋಡುತ್ತಿದ್ದಾರೆ. ವಿಷಯವರಿಯದವನು ಕಂಡರೆ ಗುರು ತೋರಿಸುತ್ತಿದ್ದಾನೆ, ಶಿಷ್ಯರಿಬ್ಬರು ಕಲಿಯುತ್ತಿದ್ದಾರೆ ಎಂದೇ ತಿಳಿಯಬೇಕು. ಬ್ರಾಟ್ಟೇನರಿಗೆ ಆ ಚಿತ್ರವನ್ನು ಕಂಡರಾಗುತ್ತಿರಲಿಲ್ಲವಂತೆ. ಆಶ್ಚರ್ಯವೇನೂ ಇಲ್ಲ. ಶೋಧ ಮುಗಿದೊಡನೆ ಶಾಕ್ಲಿಯವರು ತಮ್ಮ ಹಳೆಯ ಯೋಜನೆಯನ್ನೇ ಆಧಾರವಾಗಿಟ್ಟುಕೊಂಡು ತಮ್ಮ ಹೆಸರಿನಲ್ಲಿ ಪೇಟೆಂಟ್ ಪಡೆಯಲು ಯತ್ನಿಸಿದ್ದರು. ಅಂಥದೇ ಕಲ್ಪನೆಗೆ ಜೂಲಿಯಸ್ ಲಿಲಿಯನ್‌ಫೆಲ್ಡ್ ಎಂಬವರು ೧೯೩೦ರಲ್ಲೇ ಪೇಟೆಂಟ್ ಪಡೆದಿದ್ದುದನ್ನು ವಕೀಲರು ಕಂಡರು. ಕೊನೆಗೆ ೧೯೫೦ರಲ್ಲಿ ದೊರೆತ ಪೇಟೆಂಟಿನಲ್ಲಿ ಇದ್ದದ್ದು ಬಾರ್ಡೀನ್, ಬ್ರಾಟ್ಟೇನ್ ಇಬ್ಬರ ಹೆಸರು ಮಾತ್ರ.

ಇಷ್ಟನ್ನು ಕೇಳಿದ ಕೂಡಲೇ ನಮ್ಮ ಮನಸ್ಸು ಶಾಕ್ಲಿಯವರನ್ನು ಖಳನನ್ನಾಗಿ ಮಾಡಿ ಕಥೆಯಿಂದ ಹೊರಗಟ್ಟಲು ಹವಣಿಸುತ್ತದೆ. ಅದೂ ಅನ್ಯಾಯವೇ. ತಮ್ಮ ತಂಡ ಗೆದ್ದಾಗ ತಾವು ಅದರಲ್ಲಿ ಇಲ್ಲವೆಂಬ ಸಂಕಟದಿಂದ ಶಾಕ್ಲಿ ಒಬ್ಬರೇ ಕುಳಿತು ಹಾಳೆಗಳನ್ನು ತುಂಬಿಸಿದರು. ೧೯೪೮ರ ಜನವರಿಯಲ್ಲಿ ಪದರಪದರವಾದ ಹರಳಿನ ಟ್ರಾನ್ಸಿಸ್ಟರನ್ನು ಕಲ್ಪಿಸಿದರು. ಕಾರ್ಖಾನೆಗಳಲ್ಲಿ ನಿಂತದ್ದು ಚಿನ್ನದ ತಗಡಿನ ಮೊದಲ ರೂಪವಲ್ಲ, ಈ ಎರಡನೆಯದರ ಸಂತತಿ. ಮತ್ಸರದಿಂದಲೂ ಒಳ್ಳೆಯ ಕೆಲಸ ಹುಟ್ಟುವುದುಂಟು ಎಂಬ ಇರುಸುಮುರುಸಿನ ಸತ್ಯವನ್ನು ‘ಕ್ರಿಸ್ಟಲ್ ಫೈರ್’ ಮರೆಮಾಡುವುದಿಲ್ಲ. ಇದು ಅದರ ದೊಡ್ಡ ಗುಣ.

ಅದರ ಇನ್ನೊಂದು ಗುಣವನ್ನು ಹೇಳಬೇಕಾದರೆ ನಮ್ಮ ಯಕ್ಷಗಾನದ ಮಾತು ಅನುಕೂಲವಾಗುತ್ತದೆ. ಚಿತ್ರದಲ್ಲಿರುವ ಮೂವರೂ ಮುಮ್ಮೇಳ. ಹಿಮ್ಮೇಳವಿಲ್ಲದೆ ಅವರು ಕುಣಿಯಲಾರರು. ೧೯೪೦ರಲ್ಲಿ ಬಿರುಕುಬಿಟ್ಟ ಸಿಲಿಕಾನ್ ತುಂಡಿಗೆ ಬೆಳಕು ಬಿದ್ದಾಗ ವಿದ್ಯುತ್ತು ಹುಟ್ಟುವುದನ್ನು ಕಂಡ ರಸೆಲ್ ಓಲ್, ಆ ತುಂಡಿನ ಎರಡು ಭಾಗಗಳ ಮರ್ಮವನ್ನು ಬಿಡಿಸಿದ ಲೋಹಶಾಸ್ತ್ರಜ್ಞರು, ಯುದ್ಧಕಾಲದಲ್ಲಿ ಜರ್ಮೇನಿಯಮ್ಮನ್ನು ಶುದ್ಧಿಮಾಡಿದ ಪರ್ಡ್ಯೂ ವಿಶ್ವವಿದ್ಯಾನಿಲಯದವರು, ಜಾನ್ ಲಿಟಲ್ ಅವರೊಡನೆ ಸೇರಿ ಏಕಹರಳನ್ನು ಎಳೆದು ಬೆಳೆಸಿದ ಗಾರ್ಡನ್ ಟೀಲ್: ಇವರ ಹೆಸರು ಪರೀಕ್ಷೆಯ ಉತ್ತರದಲ್ಲಿ ಬರುವುದಿಲ್ಲ. ಶಾಕ್ಲಿಯವರ ಕಲ್ಪನೆ ಕಾಗದದಿಂದ ಹೊರಬಂದದ್ದು ೧೯೫೦ರಲ್ಲಿ, ಟೀಲ್ ಮತ್ತು ಮಾರ್ಗನ್ ಸ್ಪಾರ್ಕ್ಸ್ ಅವರ ಕೈಗಳಿಂದ. ಇವರೆಲ್ಲರಿಗೂ ಈ ಗ್ರಂಥದಲ್ಲಿ ಸ್ಥಳವಿದೆ.

ಆದರೂ ಒಂದು ಆಕ್ಷೇಪವನ್ನು ಹೇಳದಿರಲಾರೆ. ಪುಸ್ತಕ ಆರಂಭವಾಗುವುದು ೧೯೪೭ರ ಡಿಸೆಂಬರ್ ೨೩ರ ಬೆಳಿಗ್ಗೆ. ಸಂಸ್ಥೆಯ ಹಿರಿಯರ ಮುಂದೆ ಹೊಸ ಸಾಧನವನ್ನು ತೋರಿಸುವ ದಿನ. ಕಾರಿನಲ್ಲಿ ಪ್ರಯೋಗಶಾಲೆಯ ಕಡೆಗೆ ಧಾವಿಸುತ್ತಿರುವ, ಮನಸ್ಸು ಕದಡಿದ ಶಾಕ್ಲಿಯವರನ್ನು ಲೇಖಕರು ಮೊದಲು ನಮ್ಮೆದುರು ನಿಲ್ಲಿಸುತ್ತಾರೆ. ಕಾದಂಬರಿಯ ದೃಷ್ಟಿಯಿಂದ ಸೊಗಸಾದ ಪ್ರವೇಶ, ಸಂದೇಹವಿಲ್ಲ. ಆದರೆ ಆ ಛಾಯಾಚಿತ್ರದ ವಿನ್ಯಾಸವೇ ಇಲ್ಲಿಯೂ ಬಂದಿಲ್ಲವೆ? ಮಧ್ಯದಲ್ಲಿ ಶಾಕ್ಲಿ, ಪಕ್ಕದಲ್ಲಿ ಉಳಿದವರು. ನ್ಯಾಯವಾಗಿ ಬರೆಯಬೇಕೆಂದು ಹೊರಟ ಲೇಖಕರ ಕಣ್ಣು ಕೂಡ ಮೊದಲು ಹೋದದ್ದು ಕ್ಷೋಭೆಯಲ್ಲಿರುವ ಏಕಾಂಗಿಯ ಕಡೆಗೆ. ಸಮಾಧಾನದಿಂದ ಮಾತಾಡಿಕೊಳ್ಳುತ್ತ ಕೆಲಸಮಾಡುವ ಇಬ್ಬರನ್ನು ಕಥೆಯ ಬಾಗಿಲಲ್ಲಿ ನಿಲ್ಲಿಸುವುದು ಕಷ್ಟ. ಜಗಳ ಬೇಗ ಕಥೆಯಾಗುತ್ತದೆ, ಸಹಕಾರ ಆಗುವುದಿಲ್ಲ.

ಮುಂದೆ ಬಂದ ಪುಸ್ತಕಗಳು ಇದೇ ಮಾತನ್ನು ದೃಢಪಡಿಸುತ್ತವೆ. ಹಾಡಸನ್ ಅವರೇ ವಿಕಿ ಡೇಚ್ ಅವರೊಡನೆ ೨೦೦೨ರಲ್ಲಿ ಬಾರ್ಡೀನರ ಚರಿತ್ರೆ ಬರೆದರು. ಹೆಸರು ‘ಟ್ರೂ ಜೀನಿಯಸ್’. ೨೦೦೬ರಲ್ಲಿ ಜೋಯೆಲ್ ಶರ್ಕಿನ್ ಶಾಕ್ಲಿಯವರ ಚರಿತ್ರೆ ಬರೆದರು. ಹೆಸರು ‘ಬ್ರೋಕನ್ ಜೀನಿಯಸ್’. ಒಬ್ಬರದು ನಿಜವಾದ ಪ್ರತಿಭೆ, ಇನ್ನೊಬ್ಬರದು ಮುರಿದ ಪ್ರತಿಭೆ. ಕೆಲಸ ನಡೆದದ್ದು ಒಂದು ಸೂರಿನಡಿ. ಚರಿತ್ರೆಗಳು ಮಾತ್ರ ಬೇರೆಬೇರೆ ಮನೆ ಮಾಡಿದುವು. ಪ್ರತಿಭೆ ಎಂದರೆ ಜನ ತಿಳಿದಂತೆ ಅಲ್ಲ ಎಂದು ಮೊದಲನೆಯ ಪುಸ್ತಕ ಒಳಗೆ ವಾದಿಸುತ್ತದೆ, ನಿಜ. ಆದರೆ ಹೊರಗಿನ ಹೊದಿಕೆಗೆ ಹಳೆಯ ಮಾತೇ ಬೇಕಾಯಿತು.

ನಿಜ ಜೀವನದಲ್ಲಿ ಆ ಸೂರು ಬಹುಕಾಲ ಉಳಿಯಲಿಲ್ಲ. ಶಾಕ್ಲಿಯವರ ಕೈಕೆಳಗೆ ಕೆಲಸ ಸಾಗದೆ ಬಾರ್ಡೀನ್ ೧೯೫೧ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಹೊರಟುಹೋದರು. ಬ್ರಾಟ್ಟೇನ್ ಅಲ್ಲೇ ಇದ್ದುಕೊಂಡು ಬೇರೆ ವಿಭಾಗಕ್ಕೆ ವರ್ಗ ಕೇಳಿಕೊಂಡರು. ೧೯೫೬ರಲ್ಲಿ ನೊಬೆಲ್ ಪಾರಿತೋಷಕ ಮೂವರಿಗೂ ಹಂಚಿ ಬಂದಿತು. ಅಷ್ಟು ಹೊತ್ತಿಗೆ ಕೂಟ ಒಡೆದಿತ್ತು. ಅದೇ ವರ್ಷ ಶಾಕ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಪ್ರಯೋಗಶಾಲೆ ತೆರೆದರು. ಮರುವರ್ಷವೇ ಎಂಟು ಮಂದಿ ತರುಣರು ಅವರನ್ನು ಬಿಟ್ಟು ಹೊರಬಂದು ಬೇರೆ ಕಂಪನಿ ಕಟ್ಟಿದರು. ಕೂಡಿ ಕೆಲಸಮಾಡುವುದೂ ಒಂದು ವಿದ್ಯೆ. ಅದು ಬುದ್ಧಿಶಕ್ತಿಯ ಜೊತೆಗೇ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕನ್ನಡದಲ್ಲಿ ಮಕ್ಕಳಿಗಾಗಿ ವಿಜ್ಞಾನಿಗಳ ಚರಿತ್ರೆ ಬರೆಯುವವರು ಈ ಗ್ರಂಥವನ್ನು ಓದಬೇಕೆಂದು ನನ್ನ ಆಸೆ. ಒಬ್ಬ ಬಡ ಬಾಲಕ, ಒಂದು ಕನಸು, ಒಂದು ಶೋಧ ಎಂಬ ಅಚ್ಚಿನಲ್ಲೇ ನಾವು ಎಲ್ಲರನ್ನೂ ಎರಕಹೊಯ್ದಿದ್ದೇವೆ. ಅದನ್ನು ಓದಿದ ಹುಡುಗ ಮುಂದೆ ಪ್ರಯೋಗಶಾಲೆಗೆ ಹೋದರೆ, ಪಕ್ಕದ ಮೇಜಿನವನನ್ನು ಪ್ರತಿಸ್ಪರ್ಧಿಯೆಂದೇ ಎಣಿಸುವುದರಲ್ಲಿ ಅವನ ತಪ್ಪೇನು?

ಬಾರ್ಡೀನರ ಮುಂದಿನ ಕಥೆ ನಮಗೆ ಬೇರೆ ಪಾಠ ಹೇಳಬಲ್ಲುದು. ಇಲಿನಾಯ್‌ನಲ್ಲಿ ಅವರು ಲಿಯಾನ್ ಕೂಪರ್ ಮತ್ತು ರಾಬರ್ಟ್ ಶ್ರೀಫರ್ ಎಂಬ ಇಬ್ಬರು ಕಿರಿಯರೊಡನೆ ಸೇರಿ ೧೯೫೭ರಲ್ಲಿ ಅತಿವಾಹಕತೆಯ ಸಿದ್ಧಾಂತವನ್ನು ಕಟ್ಟಿದರು. ಅದಕ್ಕಾಗಿ ೧೯೭೨ರಲ್ಲಿ ಮೂವರಿಗೂ ನೊಬೆಲ್ ಬಂದಿತು. ಭೌತವಿಜ್ಞಾನದಲ್ಲಿ ಆ ಪಾರಿತೋಷಕವನ್ನು ಎರಡು ಸಲ ಪಡೆದವರು ಬಾರ್ಡೀನ್ ಒಬ್ಬರೇ. ಆದರೆ ಆ ಸಿದ್ಧಾಂತವನ್ನು ಯಾರೂ ‘ಬಾರ್ಡೀನ್ ಸಿದ್ಧಾಂತ’ ಎನ್ನುವುದಿಲ್ಲ. ಮೂವರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ‘ಬಿ.ಸಿ.ಎಸ್.’ ಎನ್ನುತ್ತಾರೆ. ಪರೀಕ್ಷೆಯಲ್ಲಿ ಅದನ್ನು ಕಂಡುಹಿಡಿದವರು ಯಾರೆಂದು ಕೇಳಿದರೆ, ಒಂದೇ ಹೆಸರು ಬರೆದ ಹುಡುಗನಿಗೆ ಅಂಕ ಕೊಡುವಂತಿಲ್ಲ.