ಕೊಳಚೆ ಬಿಟ್ಟವರು ಯಾರು?

1979ರಲ್ಲಿ ದೆಹಲಿಯ ರಿಡ್ಜ್ ಕಾಡನ್ನು ಕಡಿಯಬಾರದೆಂದು ಹೊರಟ ಶಾಲಾ ಕಾಲೇಜು ವಿದ್ಯಾರ್ಥಿಗಳು ‘ಕಲ್ಪವೃಕ್ಷ’ ಎಂಬ ಗುಂಪು ಕಟ್ಟಿಕೊಂಡರು. ಘೋಷಣೆ ಕೂಗಿ ಮನೆಗೆ ಹೋಗಿದ್ದರೆ ಅವರನ್ನು ಇಂದು ಯಾರೂ ನೆನೆಯುತ್ತಿರಲಿಲ್ಲವೇನೋ. 1983ರಲ್ಲಿ ಅವರಲ್ಲಿ ಕೆಲವರು ದೆಹಲಿ ವಿಶ್ವವಿದ್ಯಾಲಯದ ಹಿಂದೂ ಕಾಲೇಜಿನ ನಿಸರ್ಗ ಸಂಘದವರೊಡನೆ ಸೇರಿ ನರ್ಮದಾ ಕಣಿವೆಯಲ್ಲಿ ಸುಮಾರು ಐವತ್ತು ದಿನ ತಿರುಗಿದರು. ಆ ನದಿಗೂ ಅದರ ಉಪನದಿಗಳಿಗೂ 30 ದೊಡ್ಡ, 135 ಮಧ್ಯಮ, 3,000 ಸಣ್ಣ ಅಣೆಕಟ್ಟುಗಳ ಯೋಜನೆ ಸಿದ್ಧವಾಗಿತ್ತು. ತಿರುಗಿ ಬಂದು ಬರೆದ ವರದಿ 1984ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಅಚ್ಚಾಯಿತು. ಅದರ ಹೆಸರೇ ಒಂದು ಪ್ರಶ್ನೆ: ಅಭಿವೃದ್ಧಿಯೋ, ವಿನಾಶವೋ?

ಆ ಹುಡುಗ ಹುಡುಗಿಯರು ಎಂಜಿನಿಯರುಗಳಲ್ಲ, ದೊಡ್ಡ ವಿಜ್ಞಾನಿಗಳೂ ಅಲ್ಲ. ಇನ್ನೂ ಪರೀಕ್ಷೆ ಬರೆಯುತ್ತಿದ್ದ ವಯಸ್ಸು. ಸ್ಥಳಕ್ಕೆ ಹೋಗಿ, ಕೇಳಿ, ಕಂಡದ್ದನ್ನು ಲೆಕ್ಕದೊಂದಿಗೆ ಇಡುವ ಹಟ ಮಾತ್ರ ಅವರಲ್ಲಿತ್ತು. ನರ್ಮದಾ ಚಳವಳಿಯ ಹೆಸರು ಮನೆಮಾತಾಗುವುದಕ್ಕೆ ಎಷ್ಟೋ ಮೊದಲಿನ ಮಾತಿದು.

ಅಂಥ ಬರವಣಿಗೆ ನಮ್ಮ ಕನ್ನಡದ ವಿದ್ಯಾರ್ಥಿಗಳಿಂದ ಏಕೆ ಬರುತ್ತಿಲ್ಲ? ವಿಷಯವನ್ನು ಕಲಿಸುತ್ತಿಲ್ಲ ಎನ್ನುವಂತಿಲ್ಲ. ಪರಿಸರವನ್ನು ಕಡ್ಡಾಯ ಪಾಠವಾಗಿಸಬೇಕೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತು. ಈಗ ಪದವಿಯವರೆಗೂ ಅದಕ್ಕೊಂದು ಪುಸ್ತಕವಿದೆ, ಅಂಕಗಳಿವೆ. ಓದಿದವರು ಹೇಗೆ ಬರೆಯುತ್ತಾರೆ ಎಂಬುದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ತಂದುಕೊಟ್ಟ ಸಂಚಿಕೆಯಿಂದ ತಿಳಿಯಿತು. ಅವಳು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳ ವಿಭಾಗದವರೇ ಬರೆದು ಅಚ್ಚು ಹಾಕಿಸಿದ ಸಂಚಿಕೆ ಅದು.

ಮೊದಲ ಎಂಟು ಪುಟ ಗಣ್ಯರ ಶುಭಾಶಯಕ್ಕೇ ಮುಗಿದಿದೆ. ಆಮೇಲೆ ಓಜೋನ್ ಪದರ, ಹಸಿರುಮನೆ ಪರಿಣಾಮ, ಜೀವವೈವಿಧ್ಯ. ತಪ್ಪೇನೂ ಇಲ್ಲ. ಆದರೆ ಯಾವ ಲೇಖನವನ್ನು ಯಾರು ಬರೆದರೆಂದು ಹೆಸರು ನೋಡದೆ ಗುರುತಿಸಲಾರಿರಿ. ‘ಮರಗಳನ್ನು ಕಡಿಯಲಾಗುತ್ತಿದೆ’, ‘ನೀರನ್ನು ಕಲುಷಿತಗೊಳಿಸಲಾಗುತ್ತಿದೆ’. ಮೂವತ್ತು ವರ್ಷ ವ್ಯಾಕರಣ ಹೇಳಿಕೊಟ್ಟವಳು ನಾನು. ಈ ‘ಲಾಗುತ್ತಿದೆ’ ಕಂಡರೆ ಕರ್ತೃಪದ ಎಲ್ಲಿ ಎಂದು ಹುಡುಕುತ್ತೇನೆ. ಇಲ್ಲಿ ಕರ್ತೃಪದವೇ ಇಲ್ಲ. ಮರ ಕಡಿದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕೆ?

ಪದಗಳದ್ದೂ ಅದೇ ಕಥೆ. ಒಬ್ಬ ಹುಡುಗ ‘ಮಣ್ಣಿನ ಲವಣೀಯತೆ’ ಎಂದು ನಾಲ್ಕು ಪುಟ ಬರೆದಿದ್ದಾನೆ. ತುಂಗಭದ್ರಾ ಕಾಲುವೆಯ ಕೆಳಗಿನ ರೈತರನ್ನು ಕೇಳಿದರೆ ಸವುಳು, ಜವುಳು ಎಂದು ಎರಡೇ ಮಾತಿನಲ್ಲಿ ಹೇಳುತ್ತಾರೆ. ನರ್ಮದೆಯ ಉಪನದಿ ತವಾದ ಅಣೆಕಟ್ಟಿನ ಕೆಳಗೂ ಕಪ್ಪು ಹೊಲಗಳು ಹೀಗೆಯೇ ಜವುಳು ಹಿಡಿದು, ಅಲ್ಲಿನ ರೈತರು 1977ರಲ್ಲಿ ‘ಮಿಟ್ಟಿ ಬಚಾವೋ’ ಚಳವಳಿ ಹೂಡಿದ್ದರು. ಈ ಹುಡುಗ ಬಸ್ಸು ಹತ್ತಿ ಒಂದು ಹೊಲ ನೋಡಿ ಬಂದಿದ್ದರೆ ಸಾಕಿತ್ತು.

ಕನ್ನಡದಲ್ಲಿ ದಾರಿ ಇಲ್ಲದೆ ಇಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 1982ರಲ್ಲಿ ತಂದ ಭಾರತದ ಪರಿಸರ ಕುರಿತ ನಾಗರಿಕ ವರದಿಯನ್ನು ಕನ್ನಡಕ್ಕೆ ತಂದವರು ಶಿವರಾಮ ಕಾರಂತರು, ಅದೂ ಎಂಬತ್ತು ದಾಟಿದ ವಯಸ್ಸಿನಲ್ಲಿ. ಹುಡುಗರು ಮಾಡಬೇಕಾದ ಕೆಲಸವನ್ನು ಅಜ್ಜ ಮಾಡಿದರು ಎನ್ನೋಣವೇ? ತೇಜಸ್ವಿ, ನಾಗೇಶ ಹೆಗಡೆ ಇವರನ್ನು ಓದಿ ಬೆಳೆದ ನಮಗೆ ವಿಜ್ಞಾನವೆಂದರೆ ಒಣ ಮಾತೆಂದು ಯಾರೂ ನಂಬಿಸಲಾರರು.

ಇಷ್ಟೆಲ್ಲ ಹೇಳಿದ ಮೇಲೂ ಆ ಸಂಚಿಕೆಯನ್ನು ನಾನು ರದ್ದಿಗೆ ಹಾಕಲಿಲ್ಲ. ಕೊನೆಯಿಂದ ಎರಡನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಇವಳ ಲೇಖನವಿದೆ. ತನ್ನೂರ ಕೆರೆಗೆ ಹೋಗಿ, ಅಲ್ಲಿ ಬಟ್ಟೆ ಒಗೆಯುವ ಹೆಂಗಸರ ಜೊತೆ ಮೂರು ಬೆಳಗು ಕೂತು ಬರೆದದ್ದು. ಯಾವ ದಿಕ್ಕಿನ ನೀರಿಗೆ ಕೈ ತುರಿಸುತ್ತದೆ, ಯಾವ ವರ್ಷದಿಂದ ಮೀನು ಹಿಡಿಯುವವರು ಬರುವುದು ಬಿಟ್ಟರು, ಯಾವ ಕಲ್ಲಿನ ಹತ್ತಿರ ನೊರೆ ನಿಲ್ಲುತ್ತದೆ ಎಂದು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು, ಆಮೇಲೆ ಅದೇ ಜಾಗಗಳಿಂದ ನೀರು ತಂದು ಪ್ರಯೋಗಾಲಯದಲ್ಲಿ ಕರಗಿದ ಆಮ್ಲಜನಕ ಅಳೆದಿದ್ದಾಳೆ. ಹೆಂಗಸರು ಕೆಟ್ಟದ್ದೆಂದ ಮೂಲೆಯಲ್ಲೇ ಅದು ಎಲ್ಲಕ್ಕಿಂತ ಕಡಿಮೆ. ಕರಗಿದ ಆಮ್ಲಜನಕವೆಂದರೆ ಏನೆಂದೂ ಒಂದೇ ಸಾಲಿನಲ್ಲಿ ಹೇಳಿದ್ದಾಳೆ: ಮೀನು ಉಸಿರಾಡುವ ಗಾಳಿ. ನನಗೆ ಬಹಳ ಸಂತೋಷವಾಯಿತು.

ಆದರೆ ಅಲ್ಲಿಯೂ ಒಂದು ಕಡೆ ‘ಕೆರೆಗೆ ಕೊಳಚೆ ಬಿಡಲಾಗುತ್ತಿದೆ’ ಎಂದಿತ್ತು.

“ಇದೇನೇ, ನೀನೂ?” ಎಂದೆ.

“ನಾನು ಹಾಗೆ ಬರೆದಿರಲಿಲ್ಲ ಮೇಡಂ. ಪುರಸಭೆ ಬಿಡುತ್ತಿದೆ ಅಂತಲೇ ಬರೆದಿದ್ದೆ. ಅಚ್ಚಿಗೆ ಹೋಗುವಾಗ ತಿದ್ದಿದರು. ಸುಮ್ಮನೆ ಯಾಕೆ ತೊಂದರೆ ಅಂದರು.”

ತಿದ್ದಿದ್ದು ಒಂದು ಪದವನ್ನು ಮಾತ್ರ. ಅದು ಹೋದಮೇಲೆ ಉಳಿದ ಲೇಖನಕ್ಕೆ ಉತ್ತರ ಹೇಳಬೇಕಾದವರೇ ಇಲ್ಲ. ಮುಂದಿನ ವರ್ಷ ಇವಳು ತಾನಾಗಿಯೇ ‘ಲಾಗುತ್ತಿದೆ’ ಬರೆಯಲು ಕಲಿತರೆ ಎಂಬುದೇ ನನ್ನ ಭಯ.

ಸಂಚಿಕೆಯ ಮೇಲೆ ಬೆಲೆ ಇಲ್ಲ, ಮಾರಾಟಕ್ಕಲ್ಲವಂತೆ. ಪ್ರತಿಗಳು ವಿಭಾಗದ ಬೀರುವಿನಲ್ಲಿವೆ. ಕೆರೆಯ ಹೆಂಗಸರಿಗೆ ಒಂದೂ ತಲುಪಿಲ್ಲ ಎಂದಳು. ನನ್ನ ಪ್ರತಿಯಲ್ಲಿ ಆ ಸಾಲಿನ ಪಕ್ಕ ‘ಪುರಸಭೆ’ ಎಂದು ಪೆನ್ನಿನಿಂದ ಬರೆದು ಅವಳ ಕೈಗೇ ಕೊಟ್ಟು ಕಳಿಸಿದೆ, ಅಲ್ಲಿ ಓದಿ ಹೇಳು ಎಂದು.