ಬಾಯಿ ಬಿಗಿಯಿರುವ ಸ್ಪ್ಯಾನರ್

ಕಬಿನಿಯಿಂದ ನೀರು ಬಿಟ್ಟರು ಎಂಬ ಸುದ್ದಿ ಬಂದರೆ ನಂಜನಗೂಡಿನವರು ಹದಿನಾರು ಕಾಲು ಮಂಟಪ ಮುಳುಗಿತೇ ಎಂದು ನೋಡಲು ಹೋಗುತ್ತಾರೆ, ತಿ. ನರಸೀಪುರದ ಹೊಳೆಸಾಲಿನ ರೈತರು ಪಂಪ್‌ಸೆಟ್ಟಿನ ಕಡೆ ಓಡುತ್ತಾರೆ. ನೀರು ಏರುವುದರೊಳಗೆ ಮೋಟಾರನ್ನು ಪೈಪಿನಿಂದ ಬಿಡಿಸಿ ದಡದ ಮೇಲಕ್ಕೆ ಸಾಗಿಸಬೇಕು. ಕೆಲವು ವರ್ಷದ ಹಿಂದೆ ಅಂಥದೊಂದು ಸಂಜೆ ನಮ್ಮಣ್ಣನ ಪಂಪಿನ ಫ್ಲಾಂಜಿನಲ್ಲಿ ನಾಲ್ಕು ಬೋಲ್ಟುಗಳ ಪೈಕಿ ಮೂರು ಬಿಟ್ಟುಕೊಂಡವು. ನಾಲ್ಕನೆಯದಕ್ಕೆ ಹಾಕಿದ ನನ್ನ ಸ್ಕ್ರೂ ಸ್ಪ್ಯಾನರ್ ಮತ್ತೆ ಮತ್ತೆ ಜಾರಿ, 24 ಎಂಎಂ ನಟ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾದವು. ಬೆರಳ ಗೆಣ್ಣು ಸುಲಿಯಿತು. ಹೊಳೆ ಮೊಣಕಾಲಿಗೆ ಬಂದಿತ್ತು.

ಪಕ್ಕದ ಜಮೀನಿನವರೊಬ್ಬರು ಫಿಟ್ಟರ್ ಕೆಲಸ ಬಲ್ಲವರು. ಬಂದವರೇ ಅರದಿಂದ ನಟ್ಟಿನ ಎದುರುಬದುರಿನ ಎರಡು ಮೈಯನ್ನು ಉಜ್ಜಿ ಚಪ್ಪಟೆ ಮಾಡಿದರು. ತಮ್ಮ ಹತ್ತಿಂಚಿನ ಕಪ್ಪು ಸ್ಪ್ಯಾನರ್ ಕೂರಿಸಿ, ಬಾಯಿ ಬಿಗಿ ಮಾಡಿ, ಒಂದೇ ಎಳೆತಕ್ಕೆ ಬಿಚ್ಚಿದರು. ಆಮೇಲೆ ನನ್ನದನ್ನು ಕೈಗೆತ್ತಿಕೊಂಡು ಅಲ್ಲಾಡಿಸಿ, "ಇದು ಬಾಯಿ ಬುಟ್ಬುಟ್ಟದ ಕನಣ್ಣ, ನಟ್ಟಿನ್ ತಲನೇ ತಿಂದಾಕ್ಬುಡ್ತದ" ಎಂದರು.

ಮನೆಗೆ ಬಂದು ನೋಡಿದಾಗ ನನ್ನ ಸ್ಪ್ಯಾನರಿನ ಹಿಡಿಯ ಮೇಲೆ ಭಾರತದಲ್ಲಿ ಮಾಡಿದ್ದು ಎಂಬ ಅಚ್ಚಿತ್ತು, ಮಾಡಿದವರ ಹೆಸರಿರಲಿಲ್ಲ. ಆ ಫಿಟ್ಟರರದು ನಾಶಿಕದ ಟಪಾರಿಯಾ ಕಂಪನಿಯದು, ಅದೂ ಭಾರತದ್ದೇ. ಒಂದೇ ದೇಶದ ಎರಡು ಉಪಕರಣಗಳಲ್ಲಿ ಒಂದು ನಟ್ಟು ಕೆಡಿಸಿತು, ಇನ್ನೊಂದು ಮೋಟಾರು ಉಳಿಸಿತು. ನಮ್ಮಲ್ಲಿ ಒಳ್ಳೆಯ ಸ್ಕ್ರೂ ಸ್ಪ್ಯಾನರ್ ಸಿಗುತ್ತದೆಯೇ ಎಂದು ಕೇಳುವವರಿಗೆ ಆವತ್ತಿನಿಂದ ನನ್ನ ಉತ್ತರ ಒಂದೇ: ಸಿಗುತ್ತದೆ, ಆದರೆ ಅದನ್ನು ಗುರುತಿಸುವ ಕೆಲಸ ಕೊಳ್ಳುವವನದು.

ಗುರುತಿಸಬೇಕಾದರೆ ಅದರ ಒಳಗುಟ್ಟು ತಿಳಿದಿರಬೇಕು. ಈಗಿನ ರೂಪದ ಸ್ಕ್ರೂ ಸ್ಪ್ಯಾನರಿಗೆ ಸ್ವೀಡನ್ನಿನ ಯೋಹಾನ್ ಪೆಟ್ಟರ್ ಯೋಹಾನ್ಸನ್ ಪೇಟೆಂಟ್ ಪಡೆದದ್ದು 1892ರಲ್ಲಿ. ಒಂದು ದವಡೆ ಹಿಡಿಗೆ ಅಂಟಿದ್ದು, ಇನ್ನೊಂದು ತೋಡಿನೊಳಗೆ ಓಡುವಂಥದ್ದು. ಓಡುವ ದವಡೆಯ ಬೆನ್ನಿಗೆ ಹಲ್ಲುಗಳಿವೆ, ಹೆಬ್ಬೆರಳಿನಿಂದ ತಿರುಗಿಸುವ ಸುರುಳಿ ಸ್ಕ್ರೂ ಆ ಹಲ್ಲುಗಳನ್ನು ಕಚ್ಚಿಕೊಂಡಿರುತ್ತದೆ. ಆ ಸ್ಕ್ರೂವನ್ನು ಒಂದು ಪಿನ್ನು ಹಿಡಿದಿದೆ. ಒಟ್ಟು ನಾಲ್ಕೇ ದೊಡ್ಡ ಭಾಗಗಳಾದ್ದರಿಂದ ಮೋಸಕ್ಕೆ ಜಾಗ ಕಡಿಮೆ ಎನಿಸಬಹುದು. ಆದರೆ ದವಡೆ ಓಡುವ ತೋಡು, ಸ್ಕ್ರೂ ಹಲ್ಲು ಸೇರುವ ಕಡೆ, ಪಿನ್ನಿನ ತುದಿ ಈ ಮೂರೂ ಕಡೆ ಕೂದಲೆಳೆಯಷ್ಟು ಸಡಿಲವಿದ್ದರೂ ಬಾಯಿಯ ತುದಿಗೆ ಬರುವಷ್ಟರಲ್ಲಿ ಅದು ಕೂಡಿಕೊಂಡು ದೊಡ್ಡದಾಗುತ್ತದೆ. ಆಗ ದವಡೆ ನಟ್ಟಿನ ಮೈಯನ್ನು ಬಿಟ್ಟು ಮೂಲೆಯನ್ನು ಹಿಡಿಯುತ್ತದೆ. ಎಳೆತವೆಲ್ಲ ಮೂಲೆಯ ಮೇಲೆ ಬಿದ್ದ ಮೇಲೆ ನಟ್ಟು ಉಳಿಯುವುದಿಲ್ಲ. ಮೆಕ್ಯಾನಿಕ್ಕುಗಳು 'ಪ್ಲೇ ಇದೆ' ಎನ್ನುವುದು ಇದನ್ನೇ. ನನ್ನ ಪಾಲಿಗೆ ಈ ಉಪಕರಣದ ಗುಣ ಅಳೆಯುವ ಮೊದಲ ಮಾನದಂಡ ಪ್ಲೇ. ಹೊಳಪು, ತೂಕ, ಡಬ್ಬದ ಬಣ್ಣ ಎಲ್ಲವೂ ಅದರ ನಂತರ.

ಈ ಮಾನದಂಡ ಹಿಡಿದುಕೊಂಡು ಎರಡೂ ಊರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ನಿಂತು ನೋಡಿದ್ದೇನೆ. ನಂಜನಗೂಡಿನಲ್ಲಿ ಕೈಗಾರಿಕಾ ಪ್ರದೇಶದ ಫಿಟ್ಟರುಗಳು ಗಿರಾಕಿಗಳು. ಅವರು ಕಂಪನಿಯ ಹೆಸರು ಹೇಳಿ ಕೇಳುತ್ತಾರೆ, ಆದ್ದರಿಂದ ಅಂಗಡಿಯವರು ಹೆಸರಿರುವ ಮಾಲು ಇಡುತ್ತಾರೆ. ತಿ. ನರಸೀಪುರದಲ್ಲಿ ಗಿರಾಕಿ ಹೆಚ್ಚಾಗಿ ರೈತ, ಅಕ್ಕಿ ಗಿರಣಿಯವನು, ಪ್ಲಂಬರ್. 'ಒಂದು ಸ್ಪ್ಯಾನರ್ ಕೊಡಿ' ಎಂದಷ್ಟೇ ಕೇಳುವುದರಿಂದ ಕೈಗೆ ಬರುವುದು ಅಗ್ಗದ್ದು. ಹೆಸರಿಲ್ಲದ ಈ ಮಾಲು ಕನ್ನಡಿಯಂತೆ ಹೊಳೆಯುತ್ತದೆ. ಒಂದು ಮಳೆಗಾಲ ಕಳೆದರೆ ಕ್ರೋಮ್ ಚಕ್ಕೆ ಏಳುತ್ತದೆ, ಎದ್ದ ಚಕ್ಕೆ ಅಂಗೈ ಕೊಯ್ಯುತ್ತದೆ. ಕಬ್ಬಿಣ ಮೆತ್ತಗಿದ್ದು, ನಾಲ್ಕು ಸಲ ಗಟ್ಟಿ ನಟ್ಟು ಎಳೆದರೆ ಬಾಯಿ ಅಗಲವಾಗಿ ನಿಂತುಬಿಡುತ್ತದೆ. ಇದನ್ನು ನಾನು ಯಾರಿಗೂ ಕೊಳ್ಳಿ ಎನ್ನಲಾರೆ. ಪರದೇಶದ ಹೆಸರು ಹೊತ್ತ ಮಾಲು ಇನ್ನೊಂದು ಬಗೆ. ಅದನ್ನು ಕೊಳ್ಳುವವರು ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಯಾವ ದೇಶದಲ್ಲಿ ತಯಾರಾದದ್ದು ಎಂದಿದೆ ಎಂಬುದನ್ನು ಓದಬೇಕು. ಹೆಸರಿನ ದೇಶವೇ ತಯಾರಿಕೆಯ ದೇಶವಾಗಿರಬೇಕೆಂದಿಲ್ಲ.

ನಮ್ಮವರ ಒಳ್ಳೆಯ ಮಾಲಿಗೆ ಒಂದು ಚರಿತ್ರೆಯೇ ಇದೆ. ಟಪಾರಿಯಾ 1969ರಲ್ಲಿ ಕೈ ಉಪಕರಣ ತಯಾರಿಕೆಗೆ ಇಳಿದದ್ದು ಸ್ವೀಡನ್ನಿನ ಕಂಪನಿಯೊಂದರ ತಾಂತ್ರಿಕ ಸಹಕಾರದಿಂದ. ಯೋಹಾನ್ಸನ್ ಹುಟ್ಟಿದ ನಾಡಿನ ವಿದ್ಯೆ ನಾಶಿಕಕ್ಕೆ ಬಂದು ನೆಲೆಸಿತು. ಪಂಜಾಬಿನ ಜಲಂಧರ್, ಲೂಧಿಯಾನಗಳು ಕೈ ಉಪಕರಣಗಳ ದೊಡ್ಡ ಕೇಂದ್ರಗಳು. ಅಲ್ಲಿಂದ ಸ್ಪ್ಯಾನರುಗಳು ಯುರೋಪು, ಅಮೆರಿಕಕ್ಕೆ ಹೋಗುತ್ತವೆ. ಹೊರದೇಶದ ಕಟ್ಟುನಿಟ್ಟಿನ ಗಿರಾಕಿಗೆ ಒಪ್ಪುವ ಮಾಲು ಮಾಡಬಲ್ಲ ದೇಶ ತನ್ನ ಹಳ್ಳಿಯ ಗಿರಾಕಿಗೆ ಬಾಯಿ ಬಿಟ್ಟ ಸ್ಪ್ಯಾನರ್ ಕೊಡುವುದು ನನಗೆ ನೋವಿನ ಸಂಗತಿ. ಕೈಚಳಕ ಇಲ್ಲದೆ ಹೀಗಾಗಿಲ್ಲ. ಅಲ್ಲಿಯ ಗಿರಾಕಿ ಅಳೆದು ನೋಡುತ್ತಾನೆ, ಇಲ್ಲಿ ನಾವು ಅಳೆಯದೆ ದುಡ್ಡು ಕೊಡುತ್ತೇವೆ.

ಅಳೆಯಲು ದೊಡ್ಡ ಸಾಧನವೇನೂ ಬೇಡ. ಅಂಗಡಿಯ ಗಲ್ಲಾದ ಮುಂದೆ ನಿಂತೇ ಮಾಡಬಹುದು. ಬಾಯಿಯನ್ನು ಅರ್ಧ ತೆರೆದು, ಓಡುವ ದವಡೆಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ, ಆಚೆ ಈಚೆ ಅಲ್ಲಾಡಿಸಿ. ಒಂದಿಷ್ಟು ಆಟ ಎಲ್ಲದರಲ್ಲೂ ಇರುತ್ತದೆ, ಟಕಟಕ ಸದ್ದು ಬರಬಾರದು. ಆಮೇಲೆ ಬಾಯಿ ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ದವಡೆಗಳ ನಡುವೆ ತುದಿಯಲ್ಲೋ ಬುಡದಲ್ಲೋ ಬೆಳಕಿನ ಗೆರೆ ಕಂಡರೆ ಎರಡು ದವಡೆ ಸಮಾನಾಂತರವಾಗಿಲ್ಲ ಎಂದೇ ಅರ್ಥ. ಸ್ಕ್ರೂವನ್ನು ಕೊನೆಯವರೆಗೆ ತಿರುಗಿಸಿ, ನಡುವೆ ಎಲ್ಲೂ ತಡೆಯಬಾರದು. ಒಳ್ಳೆಯ ಹೆಸರಿನ ಡಬ್ಬದಿಂದಲೂ ಎರಡು ಮೂರು ತೆಗೆಸಿ ಆರಿಸಿಕೊಳ್ಳುವುದು ಲೇಸು. ಅಂಗಡಿಯವರು ಬೇಸರಿಸಿಕೊಂಡರೆ ಬೇಸರಿಸಿಕೊಳ್ಳಲಿ.

ಬರಹವನ್ನೂ ಓದಬೇಕು. ಸ್ಕ್ರೂ ಸ್ಪ್ಯಾನರಿಗೆಂದೇ ಐಎಸ್ 6149 ಎಂಬ ಭಾರತೀಯ ಮಾನಕವಿದೆ. ಆ ಸಂಖ್ಯೆಯನ್ನು ಡಬ್ಬದ ಮೇಲೆ ಅಚ್ಚು ಹಾಕಿಕೊಳ್ಳುವುದು ತಯಾರಕನ ಮಾತು. ಐಎಸ್‌ಐ ಮುದ್ರೆಯ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇದ್ದರೆ ಆ ಮಾತಿಗೆ ಮಾನಕ ಬ್ಯೂರೋದ ಸಾಕ್ಷಿ ಸಿಕ್ಕಂತೆ. ಉಕ್ಕು ಕ್ರೋಮ್ ವನೇಡಿಯಂ ಎಂದು ಬರೆದಿದ್ದರೆ ಒಳ್ಳೆಯದು. ಹೊಳಪಿನ ಕ್ರೋಮಿಗಿಂತ ಕಪ್ಪು ಫಾಸ್ಫೇಟ್ ಲೇಪನ ನನಗೆ ಹಿಡಿಸುತ್ತದೆ: ಅದು ಚಕ್ಕೆ ಏಳುವುದಿಲ್ಲ, ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆ ಕೈಯಲ್ಲಿ ಜಾರುವುದೂ ಕಡಿಮೆ.

ಇಷ್ಟಾದರೂ ಸ್ಕ್ರೂ ಸ್ಪ್ಯಾನರಿಗೆ ಅದರ ಮಿತಿ ಇದೆ. ಅಳತೆ ಗೊತ್ತಿರುವ ನಟ್ಟಿಗೆ ರಿಂಗ್ ಸ್ಪ್ಯಾನರೇ ಸರಿ, ಅದು ಮೂಲೆಗಳನ್ನೆಲ್ಲ ಒಟ್ಟಿಗೆ ಹಿಡಿಯುತ್ತದೆ. ಇಂಚಿನದೋ ಮಿಲಿಮೀಟರಿನದೋ ತಿಳಿಯದ ಹಳೇ ಪಂಪು, ತುಕ್ಕು ಹಿಡಿದು ಅಳತೆ ಕೆಟ್ಟ ಬೋಲ್ಟು, ಒಂದೇ ಉಪಕರಣ ಹಿಡಿದು ಹೊಳೆಗೆ ಇಳಿಯಬೇಕಾದ ಹೊತ್ತು, ಇವು ಸ್ಕ್ರೂ ಸ್ಪ್ಯಾನರಿನ ಜಾಗ. ಅಲ್ಲೂ ಎಳೆತದ ಭಾರ ಅಂಟಿದ ದವಡೆಯ ಮೇಲೆ ಬೀಳುವಂತೆ, ಹಿಡಿ ಓಡುವ ದವಡೆಯ ಕಡೆಗೆ ತಿರುಗುವಂತೆ ಹಾಕಬೇಕು. ಹಿಡಿಗೆ ಪೈಪು ತೂರಿಸಿ ಎಳೆಯಬಾರದು, ಸುತ್ತಿಗೆಯಂತೆ ಬಡಿಯಬಾರದು. ಆ ಸಂಜೆ ನಾನು ತಿರುಗಾಮುರುಗಾ ಹಾಕಿ ಎಳೆದಿದ್ದೆ. ತಪ್ಪಿನಲ್ಲಿ ನನ್ನದೂ ಪಾಲಿತ್ತು.

ಸ್ವದೇಶಿ ಮಾಲಿನ ಮಾತು ಬಂದಾಗ ನನಗೆ ನಮ್ಮ ಹಲ್ಲುಪುಡಿ ನೆನಪಾಗುತ್ತದೆ. ನಂಜನಗೂಡಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಆಯುರ್ವೇದದ ಸದ್ವೈದ್ಯಶಾಲೆ ಕಟ್ಟಿದರು. ಅದರ ಹಲ್ಲುಪುಡಿಯನ್ನು ನಮ್ಮ ಮನೆಗಳಲ್ಲಿ ಊರಿನದು ಎಂಬ ಅಭಿಮಾನಕ್ಕೆ ತಂದದ್ದುಂಟು, ಮತ್ತೆ ಮತ್ತೆ ತಂದದ್ದು ಅದು ಒಳ್ಳೆಯದು ಎಂಬ ಕಾರಣಕ್ಕೆ. ಸ್ವದೇಶಿ ಮಾಲಿಗೆ ನಾವು ಕೊಡಬೇಕಾದ ಗೌರವ ಅದೇ. ನಮ್ಮದೆಂದು ಸಡಿಲ ಬಾಯನ್ನು ಕ್ಷಮಿಸಿದರೆ, ಬಾಯಿ ಬಿಗಿಯಾಗಿ ಮಾಡಿದ ನಮ್ಮವನಿಗೇ ಅನ್ಯಾಯ. ಅವನ ಮಾಲು ಹೆಸರಿಲ್ಲದ್ದರ ಜೊತೆ ಒಂದೇ ಮೊಳೆಗೆ ನೇತುಬಿದ್ದು, ನೂರಿನ್ನೂರು ರೂಪಾಯಿಯ ವ್ಯತ್ಯಾಸಕ್ಕೆ ಸೋಲುತ್ತದೆ. ಮುಳುಗಿದ ಮೋಟಾರನ್ನು ರೀವೈಂಡಿಂಗ್ ಮಾಡಿಸಿದವನಿಗೆ ಆ ವ್ಯತ್ಯಾಸ ಏನೂ ಅಲ್ಲ.

ನಮ್ಮಣ್ಣ ಈಗ ತಿ. ನರಸೀಪುರದ ಅಂಗಡಿಯಲ್ಲಿ ಹೆಸರು ಹೇಳಿ ಕೇಳುತ್ತಾನೆ. ಮೊದಲ ಸಲ ಅಲ್ಲಿ ಇರಲಿಲ್ಲ, ಮುಂದಿನ ವಾರ ತರಿಸಿಕೊಟ್ಟರು. ಅವನು ಮೂರು ತೆಗೆಸಿ, ಬೀದಿಯ ಬೆಳಕಿಗೆ ಹಿಡಿದು ನೋಡಿ, ಎರಡನ್ನು ವಾಪಸು ಇಟ್ಟ.